ನೀರು ತಾಗಬಾರದ ಗೆರೆ

ನಸುಕಿನಲ್ಲಿ ನಲ್ಲಿ ಬಂದ ಕೂಡಲೇ ಹಂಡೆ, ಎರಡು ಕೊಡ, ಒಂದು ಬಕೀಟು ತುಂಬಿದೆ. ತುಂಬಿದ ಕೊಡ ಎತ್ತಲಾರೆ, ಅದಕ್ಕೇ ತಂಬಿಗೆಯಲ್ಲಿ ಹಿಡಿದು ಹಿಡಿದು ಸುರಿದೆ. ಬೂತಿಗೆ ಹೋಗಿ ಎರಡು ಬಾಟಲಿ ಹಾಲು ತಂದೆ. ಇವರ ಡಬ್ಬಿಗೆ ಚಪಾತಿ, ಬದನೆಕಾಯಿ ಪಲ್ಯ ಹಾಕಿದೆ. ಮುಚ್ಚಳ ಒತ್ತಲು ನನ್ನಿಂದ ಆಗಲಿಲ್ಲ, ಇವರೇ ಒತ್ತಿಕೊಂಡು ಸೈಕಲ್ ಹತ್ತಿದರು. ಮಗಳು ವೀಣಾಳಿಗೆ ಎರಡು ಜಡೆ ಹಾಕಿ ಶಾಲೆಗೆ ಕಳಿಸಿದೆ. ದೇವರ ಪಾತ್ರೆ ತಿಕ್ಕಿದೆ. ಅಕ್ಕಿ ಆರಿಸಿದೆ. ಅತ್ತೆಯವರ ಕನ್ನಡಕಕ್ಕೆ ಹೊಸ ದಾರ ಕಟ್ಟಿದೆ. ಗೋಡೆಗೆ ಎದುರಾಗಿ ನಿಂತು ಬಾತ ಎಡಗೈಯ ಬೆರಳುಗಳನ್ನು ಒಂದೊಂದಾಗಿ ಮೇಲಕ್ಕೆ ಹತ್ತಿಸಿದೆ. ಮೂರು ವರ್ಷದಿಂದ ದಿನಾ ಇಪ್ಪತ್ತು ಸಲ ಹತ್ತಿಸುತ್ತೇನೆ. ಮುಟ್ಟಿದ ಎತ್ತರಕ್ಕೆ ಪೆನ್ಸಿಲಿನಿಂದ ಗುರುತು ಮಾಡುವುದು ರೂಢಿ. ಇವತ್ತಿನ ಗುರುತು ಹೋದ ತಿಂಗಳಿನದಕ್ಕಿಂತ ಎರಡು ಬೆರಳು ಕೆಳಗೆ ಬಿತ್ತು.

ಇವಿಷ್ಟು ಮುಗಿದರೂ ಮಾಡಬೇಕಾದ ಕೆಲಸ ಉಳಿದೇ ಇತ್ತು. ಅತ್ತೆಯವರಿಗೆ ಎರಡು ಮಾತು ಹೇಳಬೇಕಿತ್ತು.

ಮೊದಲನೆಯದು ಎರಡು ದಿನದ ಹಿಂದಿನದು. ಎಡಗಡೆ, ಕೊರಳ ಬುಡದ ಎಲುಬಿನ ಮೇಲೆ ಹೆಸರುಕಾಳಿನಷ್ಟು ಗಟ್ಟಿ ಏನೋ ಕೈಗೆ ಹತ್ತಿತ್ತು. ಬುಧವಾರ ಆಸ್ಪತ್ರೆಗೆ ಹೋದಾಗ ಡಾಕ್ಟರು ಅದನ್ನು ಮುಟ್ಟಿ ನೋಡಿ, ಸುಮ್ಮನೆ ಕೈ ತೊಳೆದುಕೊಂಡು ಬಂದು, ಸೋಮವಾರದಿಂದ ಮತ್ತೆ ಕರೆಂಟು, ಅಂದರೆ ಯಂತ್ರದ ಕಿರಣ, ಕೊಡಬೇಕು ಎಂದರು. ಎದೆಯಿಂದ ತೆಗೆದುಹಾಕಿದ ರೋಗ ಮೂರು ವರ್ಷದ ಮೇಲೆ ಕೊರಳಿಗೆ ಬಂದಿದೆ.

ಎರಡನೆಯ ಮಾತು ಮೂರು ವರ್ಷ ಹಳೆಯದು. ಅದು ಅತ್ತೆಯವರಿಗೆ ಸಲ್ಲಬೇಕಾದದ್ದು, ನಾನು ಮುಚ್ಚಿಟ್ಟುಕೊಂಡದ್ದು. ಮೊದಲನೆಯದನ್ನು ಹೇಳಿ ಎರಡನೆಯದನ್ನು ಬಿಟ್ಟರೆ, ಆ ಮುದುಕಿ ಈ ಹೊಸ ಗಂಟನ್ನೂ ತನ್ನ ತಲೆಯ ಮೇಲೆಯೇ ಹಾಕಿಕೊಂಡು ಸಾಯುತ್ತಾರೆ.

ಇವತ್ತು ಶುಕ್ರವಾರ. ನಮ್ಮ ಕಡೆ ಹೆಂಗಸರು ತಲೆಗೆ ಎಣ್ಣೆ ಹಚ್ಚಿ ಎರೆದುಕೊಳ್ಳುವ ದಿನ. ಈ ಮನೆಯಲ್ಲಿ ಮೂರು ವರ್ಷದಿಂದ ಯಾರೂ ಯಾರಿಗೂ ಎಣ್ಣೆ ಹಚ್ಚಿಲ್ಲ. ಅದು ಯಾಕೆಂದು ಮೊದಲಿನಿಂದ ಹೇಳುತ್ತೇನೆ.

ನಾವು ಧಾರವಾಡದವರು. ಇವರಿಗೆ ಅಹಮದಾಬಾದಿನ ಒಂದು ಸಂಶೋಧನಾ ಸಂಸ್ಥೆಯ ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ಕೆಲಸ. ಮಣಿನಗರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಪಾಕಿಸ್ತಾನದ ಜೊತೆ ಯುದ್ಧವಾದ ವರ್ಷದ ಬೇಸಿಗೆಯಲ್ಲಿ, ಒಂದು ಮಧ್ಯಾಹ್ನ ಬೆವರು ಒರೆಸಿಕೊಳ್ಳುವಾಗ ಎಡ ಎದೆಯಲ್ಲಿ ಒಂದು ಗಂಟು ಸಿಕ್ಕಿತು. ಹಪ್ಪಳದ ಹಿಟ್ಟಿನೊಳಗೆ ಒಡೆಯದೆ ಉಳಿದ ಮೆಣಸಿನ ಹಾಗೆ. ನೋವಿರಲಿಲ್ಲ. ನೋವಿಲ್ಲದ್ದನ್ನು ಯಾರಿಗೆ ಹೇಳುವುದು? ಎರಡು ತಿಂಗಳು ಹೇಳಲಿಲ್ಲ. ಮೆಣಸು ಅಡಿಕೆಯಾಯಿತು. ಆಮೇಲೆ ಇವರಿಗೆ ಹೇಳಿದೆ.

ದೊಡ್ಡ ಆಸ್ಪತ್ರೆಯ ಡಾಕ್ಟರು ನನ್ನನ್ನು ನೋಡಿದರು, ಮಾತಾಡಿದ್ದು ಇವರ ಜೊತೆ. ವರಾಂಡದ ಕೊನೆಗೆ ಕರೆದೊಯ್ದು ಇಂಗ್ಲಿಷಿನಲ್ಲಿ ಹೇಳಿದರು. ನಾನು ಬೆಂಚಿನ ಮೇಲೆ ಕುಳಿತು ಇವರ ಕೈ ನೋಡುತ್ತಿದ್ದೆ. ಅಂಗಿಯ ತೋಳಿನ ಗುಂಡಿಯನ್ನು ಬಿಚ್ಚುತ್ತಿದ್ದರು, ಹಾಕುತ್ತಿದ್ದರು, ಮತ್ತೆ ಬಿಚ್ಚುತ್ತಿದ್ದರು.

"ಏನಂದ್ರು?" ಎಂದು ಕೇಳಿದೆ.

"ಗಂಟದ. ತಗೀತಾರ."

"ಎಂಥಾ ಗಂಟು?"

"ಗಂಟು ಅಂದ್ರ ಗಂಟು, ಕುಸುಮಾ. ಅದರಾಗೇನು ಎಂಥಾದ್ದು?"

ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಕಬ್ಬಿಣದ ತುಂಡನ್ನು ಬಿಸಾಕಿ ಹೊಸದು ಹಚ್ಚುವ ಮನುಷ್ಯ. ಅವತ್ತು ಅವರ ಬಾಯಿಂದ ಇಷ್ಟು ಒರಟು ಅಳತೆಯ ಮಾತು ಬಂದಾಗಲೇ ನನಗೆ ತಿಳಿಯಿತು. ಪೂರ್ತಿ ತಿಳಿದದ್ದು ಆಪರೇಶನ್ ಆದ ಮರುದಿನ, ಬಲಗೈಯನ್ನು ಮೆಲ್ಲಗೆ ತಂದು ಬ್ಯಾಂಡೇಜಿನ ಮೇಲೆ ಇಟ್ಟಾಗ. ಅಲ್ಲಿ ಸಪಾಟು ಇತ್ತು. "ಇಷ್ಟೂ ತಗದಾರೇನ್ರಿ?" ಎಂದೆ. ಇವರು ಮುಖ ಕಿಟಕಿಯ ಕಡೆ ತಿರುಗಿಸಿದರು. ಯುದ್ಧದ ಬ್ಲ್ಯಾಕೌಟಿಗೆಂದು ಕಿಟಕಿಯ ಗಾಜಿನ ತುಂಬ ಯಾರೋ ಪೇಪರು ಅಂಟಿಸಿದ್ದರು. ನೋಡಲು ಏನೂ ಇರಲಿಲ್ಲ. ಆದರೂ ಬಹಳ ಹೊತ್ತು ನೋಡಿದರು.

ಧಾರವಾಡದಲ್ಲಿದ್ದ ತಮ್ಮ ತಾಯಿಗೆ ಇವರು ಕಾರ್ಡು ಬರೆದರು: ಕುಸುಮಾಗೆ ಎದೆಯ ಮೇಲೆ ಕುರುವಾಗಿತ್ತು, ಕೊಯ್ಸಿದ್ದೇವೆ, ಈಗ ಆರಾಮ. ನನಗೂ ತಾಕೀತು ಮಾಡಿದರು. "ಅವ್ವನ ಮುಂದ ಆ ಹೆಸರ ಎತ್ತಬ್ಯಾಡ. ಅವ್ವಗ ಗೊತ್ತಾದ್ರ ಓಣಿಗೆಲ್ಲಾ ಗೊತ್ತಾತು. ನಾಳೆ ವೀಣಾನ್ನ ಯಾರು ಮಾಡ್ಕೋತಾರ?" ವೀಣಾಗೆ ಆಗ ಹತ್ತು ವರ್ಷ. ಹತ್ತು ವರ್ಷದ ಹುಡುಗಿಯ ಮದುವೆಗಾಗಿ ನಾವಿಬ್ಬರೂ ಒಂದು ಸುಳ್ಳು ಕಟ್ಟಿದೆವು.

ಕಾರ್ಡು ಮುಟ್ಟಿದ ವಾರಕ್ಕೆ ಅತ್ತೆಯವರು ಬಂದಿಳಿದರು. ಮೂರು ಗಾಡಿ ಬದಲಿಸಿ, ಒಂದು ಟ್ರಂಕು, ಒಂದು ಚೀಲ ಮೆಂತ್ಯದ ಹಿಟ್ಟು, ತಮ್ಮ ಮಡಿ ಸೀರೆಯ ಗಂಟು ಹಿಡಿದು. ಅರವತ್ತೆಂಟರ ವಯಸ್ಸು, ಸಣ್ಣ ಮೈ, ಮಾತು ಮಾತ್ರ ಹರಿತ. ಬಂದ ದಿನವೇ ಪಕ್ಕದ ಮನೆಯವರು ಕೊಟ್ಟ ಬೇಳೆಯ ಸಾರನ್ನು ನಾಲಿಗೆಗೆ ಹಚ್ಚಿಕೊಂಡು, "ಈ ಮಂದಿ ಬ್ಯಾಳಿಗೂ ಬೆಲ್ಲಾ ಹಾಕ್ತಾರಲ್ಲವಾ! ಹಂಗಾರ ಪಾಯಸಕ್ಕೇನು ಮೆಣಸಿನಕಾಯಿ ಹಾಕ್ತಾರೇನು?" ಎಂದರು. ಬಟ್ಟೆ ಬಿಗಿದ ಎದೆಯಲ್ಲಿ ನಗು ಬಂದು ಹೊಲಿಗೆ ಜಗ್ಗಿತು. ನಲ್ಲಿ ಬಂದಾಗ ವೀಣಾ "ಪಾಣಿ ಆವ್ಯು! ಅಜ್ಜಿ, ಪಾಣಿ ಆವ್ಯು!" ಎಂದು, ನೀರು ಬಂತೆಂದು ಗುಜರಾತಿಯಲ್ಲಿ ಕೂಗಿ ಕುಣಿದರೆ, "ಯಾರು ಬಂದರಂತ? ಬಾಗಿಲಾ ತಗೀರಿ" ಎನ್ನುತ್ತಿದ್ದರು. ಅಡಿಗೆಮನೆ ಪೂರ್ತಿ ಅವರ ಕೈಗೆ ಹೋಯಿತು. ನನಗೆ ಮಲಗಿ ಉಣ್ಣುವುದು, ಆಮೇಲೆ ಎದ್ದು ಉಣ್ಣುವುದು.

ಗಾಯ ಮಾಯ್ದ ಮೇಲೆ ಕರೆಂಟು ಕೊಡಿಸಿಕೊಳ್ಳುವುದು ಶುರುವಾಯಿತು. ಒಟ್ಟು ಇಪ್ಪತ್ತೈದು ಸಲ, ವಾರಕ್ಕೆ ಐದು ದಿನ. ಅತ್ತೆಯವರಿಗೆ ಹೇಳಿದ್ದು, ಗಾಯದ ಬಟ್ಟೆ ಬದಲಿಸಲು ಹೋಗುತ್ತೇನೆ ಎಂದು. ಮೊದಲ ದಿನ ಅಲ್ಲಿಯ ಯಂತ್ರದವನು ನನ್ನನ್ನು ಮಲಗಿಸಿ, ಅಳತೆಪಟ್ಟಿ ಹಿಡಿದು, ಕೊರಳಿನಿಂದ ಪಕ್ಕೆಯವರೆಗೆ ನೇರಳೆ ಮಸಿಯಲ್ಲಿ ಗೆರೆ ಎಳೆದ. ಹೊಲದ ಬದುವಿನ ಹಾಗೆ ನಾಲ್ಕೂ ಕಡೆ. ಆ ಗೆರೆಯ ಒಳಗೇ ಕರೆಂಟು ಬೀಳಬೇಕು. ಬೆರಳು ಎತ್ತಿ ಮೂರು ಮಾತು ಹೇಳಿದ: "ಪಾನಿ ನಹೀಂ. ಸಾಬುನ್ ನಹೀಂ. ತೇಲ್ ನಹೀಂ." ಮುಗಿಯುವ ತನಕ ಗೆರೆಗೆ ನೀರು, ಸಾಬೂನು, ಎಣ್ಣೆ ತಾಗಬಾರದು. ಆ ಚರ್ಮ ಇನ್ನು ಸುಟ್ಟ ಚರ್ಮದ ಹಾಗೆಯೇ ಎಂದು ತಿಳಿದುಕೋ ಎಂದ.

ಕಾಯುವ ಜಾಗ ಒಂದು ಉದ್ದ ವರಾಂಡ. ಗೋಡೆಗುಂಟ ಬೆಂಚು. ಹೆಂಗಸರು ಒಂದು ಕಡೆ, ಕರೆತಂದ ಗಂಡಸರು ಇನ್ನೊಂದು ಕಡೆ, ಬಾಗಿಲ ಹತ್ತಿರ. ಯಾರೂ ರೋಗದ ಹೆಸರು ಎತ್ತುತ್ತಿರಲಿಲ್ಲ. ಎಲ್ಲಿಂದ ಬಂದಿರಿ, ಎಷ್ಟು ಮಕ್ಕಳು, ಇವತ್ತು ಎಷ್ಟನೆಯದು ಎಂದು ಮಾತ್ರ ಕೇಳುತ್ತಿದ್ದರು. ಎಷ್ಟನೆಯದು ಎಂದರೆ ಕರೆಂಟಿನ ಲೆಕ್ಕ. ಎಲ್ಲರೂ ಎದೆಯ ಮೇಲೆ ಸೆರಗು ಎರಡು ಸುತ್ತು ಹೊದ್ದಿರುತ್ತಿದ್ದರು, ಆ ಸೆಖೆಯಲ್ಲೂ.

ನನಗೆ ಅಲ್ಲಿ ಸಿಕ್ಕವಳು ಶಾಂತಾಬೇನ್. ಸೂರತ್ತಿನವಳು, ಗಂಡ ಜರಿ ಎಳೆಯುವ ಕೆಲಸದವನು. ಚಿಕಿತ್ಸೆಗೆಂದು ಇಲ್ಲಿ ಅಣ್ಣನ ಮನೆಯಲ್ಲಿದ್ದಳು. ನನಗಿಂತ ಒಂದು ವಾರ ಮುಂದೆ ಶುರು ಮಾಡಿದ್ದಳು. ಅವಳ ಗುಜರಾತಿ, ನನ್ನ ಮುರುಕು ಹಿಂದಿ, ಉಳಿದದ್ದು ಕೈಸನ್ನೆ. ಬೆಳಿಗ್ಗೆ ಬೇಗ ಬಂದು ತನ್ನ ಪಕ್ಕದಲ್ಲಿ ಪಿತ್ತಳೆ ಡಬ್ಬಿ ಇಟ್ಟು ನನಗೆ ಜಾಗ ಹಿಡಿದಿರುತ್ತಿದ್ದಳು. ನಾನು ರವಿಕೆಯ ಎಡಬದಿಗೆ ಹತ್ತಿ ತುಂಬಿಕೊಂಡು ಹೋಗುತ್ತಿದ್ದೆ. ಹತ್ತಿ ಹಗುರ, ಬಸ್ಸಿನಲ್ಲಿ ಕಂಬಿ ಹಿಡಿದರೆ ಸಾಕು, ಮೇಲಕ್ಕೆ ಸರಿದು ಕೊರಳ ಹತ್ತಿರ ಬಂದು ಕೂರುತ್ತಿತ್ತು. ಒಂದು ದಿನ ಹಾಗೇ ಬಂದದ್ದನ್ನು ಅವಳು ನೋಡಿ, ನನ್ನನ್ನು ಗೋಡೆಯ ಮರೆಗೆ ಎಳೆದುಕೊಂಡು ಹೋಗಿ, ತನ್ನದನ್ನು ತೆಗೆದು ತೋರಿಸಿದಳು. ಹಳೆಯ ಮಲ್‌ಮಲ್ ಬಟ್ಟೆಯ ಚೀಲ, ಒಳಗೆ ಸಜ್ಜೆ.

"ತೂಕ ಬೇಕು ಕುಸುಮ್‌ಬೇನ್, ತೂಕ. ಇನ್ನೊಂದು ಕಡೆಯದರಷ್ಟೇ ಇರಬೇಕು. ಇಲ್ಲದಿದ್ದರೆ ನಡಿಗೆ ವಾಲುತ್ತೆ."

"ನಮ್ಮ ಮನೆಯಲ್ಲಿ ಸಜ್ಜೆ ಇಲ್ಲ. ಸಾಸಿವೆ ಆದೀತಾ?"

"ಆದೀತು. ಆದರೆ ದಾರಿಯಲ್ಲಿ ಹಸಿವಾದರೆ ನಾನು ರೋಟ್ಲಾ ತಟ್ಟಿಕೊಳ್ತೇನೆ, ನೀನು ಬರೀ ಒಗ್ಗರಣೆ ಹಾಕ್ಕೋಬೇಕು!"

ಇಬ್ಬರೂ ಗೋಡೆಗೆ ಒರಗಿ ನಕ್ಕೆವು. ಬಾಗಿಲ ಹತ್ತಿರದ ಗಂಡಸರು ತಿರುಗಿ ನೋಡಿದರು. ಆ ವರಾಂಡದಲ್ಲಿ ನಗು ಕೇಳಿ ಅವರಿಗೆ ಅಭ್ಯಾಸವಿರಲಿಲ್ಲ. ಅವತ್ತು ಮನೆಗೆ ಬಂದು ಸಾಸಿವೆಯ ಚೀಲ ಹೊಲಿದೆ. ಈಗಲೂ ಅದೇ ಇದೆ, ಬಟ್ಟೆ ಮಾತ್ರ ನಾಲ್ಕು ಸಲ ಬದಲಾಗಿದೆ. ಇದನ್ನು ಓದುವವರಲ್ಲಿ ಯಾರಿಗಾದರೂ ಬೇಕಾಗಬಹುದೆಂದು ಬರೆಯುತ್ತಿದ್ದೇನೆ. ಆಗ ನನಗೆ ಈ ರೋಗದ ಬಗ್ಗೆ ಇನ್ನೊಬ್ಬ ಹೆಂಗಸು ಬರೆದ ಒಂದು ಸಾಲು ಕೂಡ ಎಲ್ಲೂ ಸಿಗಲಿಲ್ಲ.

ಮನೆಯಲ್ಲಿ ನಾನು ಬಚ್ಚಲ ಬಾಗಿಲು ಹಾಕಿಕೊಂಡು, ಗೆರೆ ಬಿಟ್ಟು ಉಳಿದ ಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿಕೊಂಡು ಬರುತ್ತಿದ್ದೆ. ನೀರು ಬಿದ್ದ ಸದ್ದು ಕೇಳಲೆಂದು ನಾಲ್ಕು ತಂಬಿಗೆ ಸುಮ್ಮನೆ ಕಲ್ಲಿಗೆ ಸುರಿಯುತ್ತಿದ್ದೆ. ಆದರೂ ಅತ್ತೆಯವರ ಮೂಗು. "ನಿನ್ನ ಮೈಗೆ ದವಾಖಾನಿ ವಾಸನಿ ಅಂಟಿಕೊಂಡದ, ಕುಸುಮಾ. ಚೊಲೋತಂಗ ತಿಕ್ಕೊಂಡು ಎರಕೊ" ಎನ್ನುತ್ತಿದ್ದರು. ಇವರು ಆ ಜಾಗದ ಕಡೆ ಕಣ್ಣೆತ್ತಿ ನೋಡುತ್ತಿರಲಿಲ್ಲ. ನಾನು ಸೀರೆ ಉಡುವಾಗ ಹೊರಗೆ ಹೋಗಿ ನಿಲ್ಲುತ್ತಿದ್ದರು. ಬೈದದ್ದಿಲ್ಲ, ಬೇಸರ ಪಟ್ಟದ್ದಿಲ್ಲ, ಔಷಧ ಒಂದು ದಿನ ತಪ್ಪಿಸಿದ್ದಿಲ್ಲ. ನೋಡುತ್ತಿರಲಿಲ್ಲ, ಅಷ್ಟೆ. ನಾನೂ ನೋಡಿಕೊಳ್ಳುತ್ತಿರಲಿಲ್ಲ. ಕನ್ನಡಿಯನ್ನು ಮುಖದಷ್ಟೇ ಕಾಣುವ ಹಾಗೆ ಮೇಲಕ್ಕೆ ಕಟ್ಟಿಸಿದ್ದೆ.

ಹದಿನಾಲ್ಕು ಮುಗಿದವು. ದೀಪಾವಳಿ ಬಂತು. ಹಬ್ಬಕ್ಕೆ ಆಸ್ಪತ್ರೆಯ ಆ ವಿಭಾಗ ನಾಲ್ಕು ದಿನ ಮುಚ್ಚುತ್ತದೆ, ಬಂದ ಮೇಲೆ ಹದಿನೈದನೆಯದು ಎಂದರು.

ನೀರು ತುಂಬುವ ದಿನ ಅತ್ತೆಯವರು ಹಂಡೆಗೆ ಸುಣ್ಣದ ಪಟ್ಟೆ ಬಳಿದು, ಕೆಮ್ಮಣ್ಣಿನ ಬೊಟ್ಟು ಇಟ್ಟು, ಹೂ ಸುತ್ತಿದರು. ಮರುದಿನ ನರಕ ಚತುರ್ದಶಿ. ಮನೆಯ ಹಿರಿಯ ಹೆಂಗಸು ಎಲ್ಲರನ್ನೂ ಮಣೆಯ ಮೇಲೆ ಕೂರಿಸಿ, ಆರತಿ ಮಾಡಿ, ಎಣ್ಣೆ ಹಚ್ಚಿ, ಬಿಸಿನೀರು ಎರೆಯಬೇಕು. ಆ ದಿನ ಎಣ್ಣೆ ಮುಟ್ಟದಿರುವುದು ಸಾವಾದ ಮನೆಯವರು ಮಾತ್ರ. ಹಿಂದಿನ ಸಂಜೆ ನಾನು ಇವರಿಗೆ ಕೇಳಿದೆ, "ನಾಳೆ ಏನು ಮಾಡಲಿ?" ಎಂದು. "ತಲಿಗಷ್ಟ ಹಚ್ಚಿಸಿಕೊ" ಎಂದರು ಇವರು. ಅದು ಸರಿಯಾಗಿಯೇ ಇತ್ತು. ಹಾಗೆಯೇ ಮಾಡಬೇಕೆಂದು ನಾನು ಗಟ್ಟಿ ಮನಸ್ಸು ಮಾಡಿದ್ದೆ.

ಬೆಳಕು ಹರಿಯುವ ಮೊದಲು ಇವರದು, ವೀಣಾಳದು ಮುಗಿಯಿತು. ನನ್ನ ಸರದಿ. ಬಚ್ಚಲಲ್ಲಿ ಹೊಗೆ, ಒಂದು ಸಣ್ಣ ದೀಪ. ತಲೆಗೆ ಎಣ್ಣೆ ಹಚ್ಚಿ ಮುಗಿಸಿದವರು ಬೆನ್ನಿಗೆ ಇಳಿದರು. "ಸೀರಿ ಸರಿಸು" ಎಂದರು. ನಾನು ಸೆರಗನ್ನು ಬಿಗಿಯಾಗಿ ಹಿಡಿದುಕೊಂಡೆ.

"ಯಾಕ, ನಾಚಿಕೀ ಏನು? ನಿನ್ನ ಬಾಣಂತನಾ ಯಾರು ಮಾಡ್ಯಾರ? ನಾನ ಅಲ್ಲೇನು?"

ಸೆರಗು ಸರಿಯಿತು. ಅವರು ಸರಿಸಿದರೋ ನಾನು ಬಿಟ್ಟೆನೋ, ಆ ಪ್ರಶ್ನೆಯನ್ನು ಈ ಮೂರು ವರ್ಷ ಎಷ್ಟು ಸಲ ಕೇಳಿಕೊಂಡಿದ್ದೇನೆ. ಅತ್ತೆಯವರು ಮೊದಲ ಸಲ ಅದನ್ನು ಕಂಡರು. "ಕುರುವಂತ ಕುರು. ಇಷ್ಟು ಕೊಯ್ತಾರೇನು ಹಾಳಾದವರು" ಎಂದರು ಮೆತ್ತಗೆ. ಆಮೇಲೆ ನೇರಳೆ ಗೆರೆಗಳನ್ನು ಬೆರಳಿನಿಂದ ತಿಕ್ಕಿ ನೋಡಿ, "ಔಷಧದ ಕಲೀ ತೊಳೀಲಾರದ ಹಂಗ ಬಿಟ್ಟಾರ ನೋಡು. ಹಬ್ಬದ ದಿನಾ ಹಿಂಗ ಇರ್ತಾರೇನು?" ಎಂದು ಅಂಗೈ ತುಂಬ ಬೆಚ್ಚನೆಯ ಎಣ್ಣೆ ತೆಗೆದುಕೊಂಡರು.

ಆಗ ನಾನು ಬೇಡ ಎನ್ನಬೇಕಿತ್ತು. ಎರಡೇ ಅಕ್ಷರ ಸಾಕಿತ್ತು. ಯಂತ್ರದವನ ಬೆರಳು ಕಣ್ಣ ಮುಂದೆ ಇತ್ತು. ನಾನು ಹೇಳಲಿಲ್ಲ. ಸಂಕೋಚಕ್ಕಲ್ಲ, ಸುಳ್ಳು ಹೊರಬಿದ್ದೀತೆಂದೂ ಅಲ್ಲ. ಆ ಜಾಗ ಸಪಾಟಾದ ಮೇಲೆ ಡಾಕ್ಟರು, ನರ್ಸು ಬಿಟ್ಟರೆ ಅದನ್ನು ಮುಟ್ಟಿದ ಮೊದಲ ಕೈ ಅದು. ಆ ಕೈ ಅಸಹ್ಯ ಪಡಲಿಲ್ಲ, ಹೆದರಲಿಲ್ಲ. ಮಗುವಿನ ಎದೆಗೆ ಎಣ್ಣೆ ತಿಕ್ಕುವ ಹಾಗೆ ತಿಕ್ಕಿತು. ನನಗೆ ಎಷ್ಟು ಹಿತವಾಯಿತೆಂದರೆ, ಕಣ್ಣು ಮುಚ್ಚಿಕೊಂಡು ಕುಳಿತೆ. ಕಡಲೆಹಿಟ್ಟು, ಸೀಗೆಪುಡಿ, ಹಂಡೆಯ ಸುಡುಸುಡು ನೀರು. ಕಾಲುಗಂಟೆಯಾದರೂ ಕುಳಿತಿದ್ದೆ. ನೇರಳೆ ನೀರು ಬಚ್ಚಲ ಕಲ್ಲಿನ ಮೇಲಿಂದ ಮೋರಿಗೆ ಇಳಿಯಿತು.

ಮೂರನೆಯ ದಿನಕ್ಕೆ ಚರ್ಮ ಕೆಂಪೇರಿ ಬೊಬ್ಬೆ ಎದ್ದಿತು. ಆಸ್ಪತ್ರೆ ತೆರೆದ ದಿನ ಯಂತ್ರದವನು ನೋಡಿ ತಲೆ ಹಿಡಿದುಕೊಂಡ. "ಯೇ ಕಿಸ್ನೇ ಕಿಯಾ?" ಯಾರು ಮಾಡಿದ್ದು ಇದು ಎಂದು ಕೇಳಿದ. ಗೆರೆ ಇಲ್ಲ, ಚರ್ಮ ಒಡೆದಿದೆ, ಇದು ಮಾಯುವ ತನಕ ಕರೆಂಟು ಕೊಡುವ ಹಾಗಿಲ್ಲ, ತಿಂಗಳಾದರೂ ಬೇಕು. ಡಾಕ್ಟರು ಇವರನ್ನು ವರ್ಕ್‌ಶಾಪಿನಿಂದ ಕರೆಸಿದರು. ಮತ್ತೆ ವರಾಂಡದ ಕೊನೆ, ಮತ್ತೆ ಇಂಗ್ಲಿಷು. ನಡುವೆ ಬಿಡಬಾರದ ಚಿಕಿತ್ಸೆಯನ್ನು ನಡುವೆ ಬಿಟ್ಟ ಹಾಗಾಯಿತು ಎಂದರಂತೆ. ಶಾಂತಾಬೇನ್ ನನ್ನ ಕೈ ಹಿಡಿದು ಕುಳಿತಿದ್ದಳು. ಅವಳಿಗೆ ಇನ್ನು ಆರು ಉಳಿದಿದ್ದವು.

ಇವರು ಮನೆಗೆ ಬಂದವರೇ ಚಪ್ಪಲಿ ಕೂಡ ಬಿಡದೆ ಅಡಿಗೆಮನೆಯ ಬಾಗಿಲಿಗೆ ನಿಂತರು. ತಾಯಿಯ ಎದುರು ಇವರು ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಯಾರು ಹೇಳಿದ್ರು ನಿನಗ ತಿಕ್ಕು ಅಂತ? ಕುರು ಅಲ್ಲ ಅದು, ಅವ್ವಾ! ಕ್ಯಾನ್ಸರ್! ತಿಳೀತೇನು? ಕ್ಯಾನ್ಸರ್! ಈಗ ಎಲ್ಲಾ ಹಾಳು ಮಾಡಿಟ್ಟಿ!"

ಅತ್ತೆಯವರ ಕೈಯಲ್ಲಿ ಲಟ್ಟಣಿಗೆ ಇತ್ತು. ಅದನ್ನು ಮಣೆಯ ಮೇಲೆ ಇಟ್ಟರು. ಅದು ಉರುಳಿ ಕೆಳಗೆ ಬಿತ್ತು. "ನನಗ ಯಾರೂ ಹೇಳಲಿಲ್ಲಲ್ಲೋ" ಎಂದರು. ಅಷ್ಟೆ. ಆಮೇಲೆ ನನ್ನ ಮುಖ ನೋಡಿದರು, ನಾನು ಏನಾದರೂ ಅನ್ನುತ್ತೇನೆಂದು. ನಾನು ನೀರಿನ ತಂಬಿಗೆ ಹಿಡಿದು ನಿಂತಿದ್ದೆ. ನಿಂತೇ ಇದ್ದೆ.

ಚರ್ಮ ಮಾಯಲು ಐದು ವಾರ ಹಿಡಿಯಿತು. ಆಮೇಲೆ ಉಳಿದ ಹನ್ನೊಂದೂ ಆದವು. ಶಾಂತಾಬೇನ್ ಅಷ್ಟರಲ್ಲಿ ಮುಗಿಸಿ ಊರಿಗೆ ಹೋಗಿದ್ದಳು. ಹೋಗುವ ದಿನ ಒಂದು ಡಬ್ಬಿ ಸುಖಡಿ, ಗೋಧಿಹಿಟ್ಟು ಬೆಲ್ಲದ ಸಿಹಿ, ತಂದು ಕೊಟ್ಟು, ಡಬ್ಬಿ ವಾಪಸ್ಸು ಕೊಡಲು ಸೂರತ್ತಿಗೇ ಬರಬೇಕು ಎಂದಿದ್ದಳು. ಅವಳದು ಒಂದು ದಿನವೂ ತಪ್ಪಿರಲಿಲ್ಲ. ಮುಂದಿನ ವರ್ಷ ಸೂರತ್ತಿನಿಂದ ಒಂದು ಕಾರ್ಡು ಬಂತು. ಪಕ್ಕದ ಮನೆಯಾಕೆ ಅದನ್ನು ನೋಡಿ, ಒಳಗೆ ತರಬೇಡ ಎಂದು ಹೊಸ್ತಿಲಾಚೆಯೇ ನಿಂತು ಓದಿ, ಹರಿದು ಹಾಕಿದಳು. ಸಾವಿನ ಸುದ್ದಿಯ ಕಾರ್ಡನ್ನು ಇಲ್ಲಿ ಮನೆಯೊಳಗೆ ಇಡುವುದಿಲ್ಲ. ಡಬ್ಬಿ ನಮ್ಮ ಮಾಡದಲ್ಲೇ ಇದೆ. ಅದರಲ್ಲಿ ಏನೂ ತುಂಬಿಲ್ಲ.

ಅತ್ತೆಯವರು ಧಾರವಾಡಕ್ಕೆ ಹಿಂದಿರುಗಲಿಲ್ಲ. ಮೂರು ವರ್ಷದಿಂದ ಈ ಮನೆಯ ಕೆಲಸವೆಲ್ಲ ಮಾಡುತ್ತಾರೆ, ನನ್ನನ್ನು ಮಾತ್ರ ಮುಟ್ಟುವುದಿಲ್ಲ. ತಟ್ಟೆಯನ್ನು ನೆಲದ ಮೇಲಿಟ್ಟು ನನ್ನ ಕಡೆ ಸರಿಸುತ್ತಾರೆ. ನನಗೆ ಜ್ವರ ಬಂದರೆ ವೀಣಾಳನ್ನು ಕರೆದು, "ನಿಮ್ಮಮ್ಮನ ಹಣಿ ಮುಟ್ಟಿ ನೋಡು" ಎನ್ನುತ್ತಾರೆ. ಪಕ್ಕದವರು ಅದನ್ನು ಮಡಿ ಎಂದುಕೊಂಡಿದ್ದಾರೆ. ದೀಪಾವಳಿಗೆ ಹಂಡೆಗೆ ಹೂ ಸುತ್ತುವುದಿಲ್ಲ. ತಮ್ಮ ತಲೆಗೂ ಎಣ್ಣೆ ಹಚ್ಚಿಕೊಳ್ಳುವುದಿಲ್ಲ. ಆ ಕೈಗಳನ್ನು ಅವರು ಸೆರಗಿನಲ್ಲಿ ಸುತ್ತಿಕೊಂಡು ಕೂರುವುದನ್ನು ನಾನು ದಿನಾ ನೋಡಿದ್ದೇನೆ. ನೋಡುತ್ತ ಅಕ್ಕಿ ಆರಿಸಿದ್ದೇನೆ.

ಬುಧವಾರ ನಾನು ಡಾಕ್ಟರಿಗೆ ನೇರವಾಗಿ ಕೇಳಿದೆ. ಈಗ ನನ್ನ ಹಿಂದಿ ಪರವಾಗಿಲ್ಲ. "ಆವಾಗ ನಡುವೆ ಬಿಟ್ಟದ್ದರಿಂದ ಇದು ಬಂತಾ?"

ಡಾಕ್ಟರು ಬಹಳ ಹೊತ್ತು ಕಾಗದ ಮಡಿಸುತ್ತಿದ್ದರು. "ಗೊತ್ತಿಲ್ಲ, ಬೇನ್. ಬಿಡದಿದ್ದರೂ ಬರುತ್ತಿತ್ತೇನೋ. ಬರುತ್ತಿರಲಿಲ್ಲವೇನೋ. ನನಗೆ ಗೊತ್ತಿಲ್ಲ."

ಹೊರಗೆ ಬಂದ ಮೇಲೆ ಇವರು ಹೇಳಿದರು, "ಅವ್ವಗ ಹೇಳಬ್ಯಾಡ. ಹಳೇ ಗಾಯಕ್ಕ ಔಷಧಾ ಕೊಡ್ಲಿಕ್ಕತ್ತಾರ ಅನ್ನು." ಅದೇ ಸುಳ್ಳು, ಅದೇ ದಾರ, ಅದೇ ಹೊಲಿಗೆ. ನನಗೆ ಕೋಪ ಬರಲಿಲ್ಲ, ದಣಿವಾಯಿತು.

ಇವತ್ತು ಹನ್ನೊಂದು ಗಂಟೆಗೆ ಅತ್ತೆಯವರು ಅಡಿಗೆಮನೆಯ ಹೊಸ್ತಿಲಲ್ಲಿ ಕುಳಿತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ನಾನು ಎದುರಿಗೆ ಕುಳಿತೆ.

"ಅತ್ಯಾ, ಸೋಮವಾರದಿಂದ ನನಗ ಮತ್ತ ಕರೆಂಟು ಕೊಡ್ತಾರ. ತಿರುಗಿ ಬಂದದ. ಇಲ್ಲೆ, ಕೊರಳಿಗೆ."

ಕಡ್ಡಿ ಬಿಡಿಸುತ್ತಿದ್ದ ಬೆರಳು ನಿಂತವು. ಅವರು ತಲೆ ಎತ್ತಲಿಲ್ಲ. ಆ ಕೈಗಳು ಮೆಲ್ಲಗೆ ಸೆರಗಿನೊಳಗೆ ಹೋಗುತ್ತಿದ್ದವು. ಅದನ್ನು ನೋಡಿ ಎರಡನೆಯ ಮಾತು ತಾನಾಗಿ ಬಂತು.

"ಅವತ್ತು ಹಬ್ಬದ ದಿನಾ ನನಗ ಗೊತ್ತಿತ್ತು, ಅತ್ಯಾ. ಗೆರಿಗೆ ನೀರು ತಾಗಬಾರದು ಅಂತ ಅವರು ನನಗ ಹೇಳಿದ್ರು. ನಿಮಗ ಗೊತ್ತಿರಲಿಲ್ಲ, ನನಗ ಗೊತ್ತಿತ್ತು. ನಾ ಬ್ಯಾಡ ಅನ್ನಬೇಕಾಗಿತ್ತು, ಅನ್ನಲಿಲ್ಲ. ನಿಮ್ಮ ಕೈ ಹಿತಾ ಆಗಿತ್ತು. ಅದಕ್ಕ ಸುಮ್ಮನ ಕೂತೆ."

ಅವರು ನನ್ನನ್ನು ನೋಡಿದರು. ಕನ್ನಡಕದ ಹಿಂದೆ ಕಣ್ಣು ದೊಡ್ಡದಾಗಿ ಕಂಡವು.

"ಗೊತ್ತಿತ್ತು?"

"ಹೂಂ."

"ಅವಾ ನನ್ನ ಮ್ಯಾಲೆ ಒದರಾಡಿದಾಗ ನೀ ಅಲ್ಲೇ ನಿಂತಿದ್ದಿ."

"ನಿಂತಿದ್ದೆ."

"ಮೂರು ವರ್ಷ, ಕುಸುಮಾ." ಅವರ ದನಿ ಏರಲಿಲ್ಲ. "ಮೂರು ವರ್ಷ ಈ ಕೈಲೆ ದೇವರಿಗೆ ಹೂ ಏರಿಸಬೇಕಾದ್ರ ನನಗ ಅಂಜಿಕಿ ಬರ್ತಿತ್ತು. ಸೊಸೀನ್ನ ಕೊಂದ ಕೈ ಅಂತ. ನೀ ಎದುರಿಗೆ ಕೂತು ಉಂಡಿ. ಒಂದು ದಿನಾ ಹೇಳಲಿಲ್ಲಲ್ಲ."

ಹೇಳಿದರೆ ಮನೆಯಲ್ಲಿ ನನ್ನ ಮೇಲಿನ ಕನಿಕರ ಹೋದೀತೆಂದು ಹೆದರಿದ್ದೆ ಅಂತ ಕಾಣುತ್ತದೆ. ರೋಗದವಳಿಗೆ ಉಳಿಯುವುದು ಅದೊಂದೇ.

ಅವರು ಸೊಪ್ಪನ್ನು ಅಲ್ಲೇ ಬಿಟ್ಟು ಎದ್ದು ಹೋಗಿ, ಹಿತ್ತಲ ಬಾಗಿಲಲ್ಲಿ ಡಾಲ್ಡಾ ಡಬ್ಬಿಯಲ್ಲಿ ನೆಟ್ಟ ತುಳಸಿಯ ಪಕ್ಕ ಕುಳಿತರು. ಮಧ್ಯಾಹ್ನ ಉಣ್ಣಲಿಲ್ಲ. ಕರೆದರೆ ತಿರುಗಲಿಲ್ಲ. ನಾನು ತಟ್ಟೆ ಮುಚ್ಚಿಟ್ಟೆ. ಸೊಪ್ಪು ಬಿಡಿಸಿ ಮುಗಿಸಿದೆ. ವೀಣಾ ಶಾಲೆಯಿಂದ ಬಂದು, "ಅಜ್ಜಿ ರೀಸಾಯಿ ಗಯಾ? ಯಾಕ ಸಿಟ್ಟಾಗ್ಯಾರ?" ಎಂದು ಕೇಳಿದಳು. "ನನ್ನ ಮ್ಯಾಲೆ" ಎಂದೆ. "ನೀ ಏನ ಮಾಡಿದಿ?" ಎಂದಳು. ಆಮೇಲೆ ಹೇಳುತ್ತೇನೆ ಎಂದೆ. ಈ ಸಲ ಅವಳಿಗೂ ಹೇಳಬೇಕು, ಹದಿಮೂರು ತುಂಬಿದೆ.

ನಾಲ್ಕು ಗಂಟೆಯ ಹೊತ್ತಿಗೆ ಅಡಿಗೆಮನೆಯಲ್ಲಿ ಸದ್ದಾಯಿತು. ಹೋಗಿ ನೋಡಿದರೆ ಅತ್ತೆಯವರು ಒಲೆಯ ಮೇಲೆ ಸಣ್ಣ ಬಟ್ಟಲು ಇಟ್ಟು ನಿಂತಿದ್ದರು.

"ಆ ಗೆರಿ ಹಾಕೋದು ಯಾವಾಗ?"

"ಸೋಮವಾರ."

"ಅಲ್ಲೀತನಕಾ ಎಣ್ಣಿ ಹಚ್ಚಬಾರದಂತ ಹೇಳ್ಯಾರೇನು? ಖರೇ ಹೇಳು."

"ಇಲ್ಲ, ಅತ್ಯಾ. ಹೇಳಿಲ್ಲ."

"ಹಂಗಾರ ಸೋಮವಾರದ ತನಕಾ ನಡೀತದ. ಬಾ, ದೀಪಾ ಹಚ್ಚೋದರೊಳಗ ಮುಗಿಸೋಣ."

ಮಣೆ ಹಾಕಿದರು. ನೆತ್ತಿಗೆ ಸುರಿದ ಎಣ್ಣೆ ನನ್ನ ಕಿವಿಯ ಹಿಂದೆ ಇಳಿಯಿತು. ತಲೆಗೆ ಹಚ್ಚಿದರು, ಬಾತ ಎಡಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬೆರಳಿನಿಂದ ಭುಜದ ತನಕ ಹಗುರವಾಗಿ ನೀವಿದರು. ಕೊರಳಿನ ಹತ್ತಿರ ಬಂದಾಗ ಕೈ ತಡೆದರು.

"ಇದೇನು?"

"ಅದೇ."

ಒಂದು ಬೆರಳಿನ ತುದಿ ಇಟ್ಟು ನೋಡಿ ತೆಗೆದರು. ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. "ಇದನ್ನ ಅವಗೂ ಹೇಳು. ಅವಾ ಬೈದದ್ದು ನನಗ" ಎಂದರು. ಆಮೇಲೆ, "ಸೋಮವಾರ ನಾನೂ ಬರ್ತೀನಿ ದವಾಖಾನಿಗೆ. ಗೆರಿ ಎಲ್ಲೀ ತನಕಾ ಅದ ಅಂತ ನನ್ನ ಕಣ್ಣಲೇ ನೋಡಬೇಕು" ಎಂದರು.

ಸಂಜೆ ಇವರು ಬಂದ ಮೇಲೆ, ಊಟಕ್ಕೆ ಕುಳಿತಾಗ ಹೇಳಿದೆ, ಎರಡೂ ಮಾತು. ಇವರು ತುತ್ತು ಕೈಯಲ್ಲೇ ಹಿಡಿದು ತಾಯಿಯ ಕಡೆ ನೋಡಿದರು. ಅತ್ತೆಯವರು, "ಉಣ್ಣು, ಆರ್ತದ" ಎಂದು ತುಪ್ಪ ಬಡಿಸಿದರು.

ರಾತ್ರಿಗೆ ಹೆಸರುಬೇಳೆ ಹುಗ್ಗಿ, ಮೆಂತ್ಯದ ಸೊಪ್ಪಿನ ಪಲ್ಯ, ಮಜ್ಜಿಗೆ. ವೀಣಾ ಹುಗ್ಗಿಗೆ ಬೆಲ್ಲ ಕೇಳಿ ಅಜ್ಜಿಯಿಂದ ಬೈಸಿಕೊಂಡಳು. ಮಧ್ಯಾಹ್ನ ಉಪವಾಸವಿದ್ದ ಅತ್ತೆಯವರು ಎರಡು ಸಲ ಹಾಕಿಸಿಕೊಂಡರು. ನನಗೆ ಅರ್ಧ ತಟ್ಟೆ ಸಾಕಾಯಿತು. ಎಲ್ಲರಿಗಿಂತ ಮೊದಲು ಮಲಗಿದವರು ಅತ್ತೆಯವರೇ, ನನ್ನ ಹಾಸಿಗೆಯ ಪಕ್ಕಕ್ಕೆ ಚಾಪೆ ಎಳೆದುಕೊಂಡು, ಎಣ್ಣೆಯ ಕೈಯನ್ನು ನನ್ನ ಬಾತ ಕೈಯ ಮೇಲೆ ಇಟ್ಟು. ಕೈ ಎಳೆದುಕೊಂಡರೆ ಅವರಿಗೆ ಎಚ್ಚರವಾದೀತು. ಎಡಗೈಯನ್ನು ಅಲ್ಲೇ ಬಿಟ್ಟು, ಬಲಗೈಯಲ್ಲಿ ಇಷ್ಟನ್ನು ಬರೆದೆ.